ಮಾಂಟ್ರಿಯಲ್ ಮಾತನ್ನು ಶಿಕಾರಿಪುರ ಯಾಕೆ ಕೇಳಬೇಕು?

ಶಿಕಾರಿಪುರದ ಉಚ್ಚಂಗಪ್ಪನ ಕಲ್ಯಾಣಮಂಟಪದ ಏಸಿಯಂಥ ಏಸಿ ಹದಿನಾಲ್ಕು ಲೋಕದಲ್ಲೂ ಇರಲಿಲ್ಲ. ಅದನ್ನು ಹಾಕಿದರೆ ಸಾರು ಎಲೆಗೆ ಬೀಳುವ ಮೊದಲೇ ಆರುತ್ತಿತ್ತು. ಅಂಬ್ಲಿಗೊಳ ಡ್ಯಾಮಿನ ಮೀನುಗಳು ಕಂಬಳಿ ಕೇಳುತ್ತಿದ್ದವು. ಅಂಥ ಏಸಿ ಹದಿನೈದು ವರ್ಷ ದುಡಿದು, ಸರಿಯಾಗಿ ಒಂದು ಮದುವೆಯ ಹಿಂದಿನ ದಿನ ಕಂಪ್ರೆಸರ್ ಸುಟ್ಟುಕೊಂಡು ಕೂತಿತು.

ಹೊಸ ಏಸಿ ಬಂದು ಬಾಗಿಲಲ್ಲಿ ನಿಂತಿತ್ತು. ಹಳೆಯದನ್ನು ಇಳಿಸಲು ಬಂದ ಮೆಕ್ಯಾನಿಕ್ ಕಲೀಂ ಏಣಿ ಹತ್ತಿ ನೋಡಿ, ಹಾಗೇ ಇಳಿದ.

"ಯಜಮಾನ್ರೇ, ಒಳಗೆ ಗ್ಯಾಸ್ ಇನ್ನೂ ಇದೆ. ಅದನ್ನ ಸಿಲಿಂಡರಿಗೆ ಎಳ್ಕೊಳ್ಳೋ ಮಷೀನು ಸೊರಬದಲ್ಲಿ ನಮ್ಮಕ್ಕ ಆತಿಫಾ ಅಂಗಡೀಲಿದೆ. ಎರಡು ಗಂಟೆ ಬಸ್ಸಿಗೆ ಹಾಕಿಸ್ತೀನಿ."

"ಎರಡು ಗಂಟೆಗಾ?" ಉಚ್ಚಂಗಪ್ಪ ಸಿಡುಕಿದ. "ಸಂಜೆಗೆ ಬೀಗರು ಬರ್ತಾರೆ ಮಾರಾಯಾ! ಪೈಪ್ ಕೊಯ್ದುಬಿಡು, ಪುಸ್ ಅಂತ ಹೋಗುತ್ತೆ."

"ಹೋಗಿ ಸುಮ್ನಿರಲ್ಲರೀ. ಮೇಲೆ ಓಝೋನ್ ಪದರ ಅಂತಿದೆ, ಬಿಸಿಲಿನಲ್ಲಿರೋ ಕೆಟ್ಟ ಕಿರಣ ತಡೆಯುತ್ತೆ. ಈ ಹಳೇ ಗ್ಯಾಸು ಅದನ್ನ ತಿನ್ನುತ್ತೆ. ಪದರ ತೆಳುವಾದ್ರೆ ಚರ್ಮದ ಕ್ಯಾನ್ಸರು, ಕಣ್ಣಿನ ಪೊರೆ. ಅದಕ್ಕೇ ಕೆನಡಾದ ಮಾಂಟ್ರಿಯಲ್ ಊರಲ್ಲಿ ದೇಶದೇಶದೋರು ಒಪ್ಪಂದ ಮಾಡ್ಕೊಂಡಿದ್ದಾರೆ."

"ಮಾಂಟ್ರಿಯಲ್ಲಿನೋರು ನನ್ನ ಮಂಟಪಕ್ಕೆ ಯಾವತ್ತಾದ್ರೂ ಊಟಕ್ಕೆ ಬಂದಿದ್ರೇನೋ? ಅವರ ಮಾತು ನಾನ್ಯಾಕೆ ಕೇಳ್ಲಿ?" ಉಚ್ಚಂಗಪ್ಪ ಗರಗಸ ಕೈಗೆತ್ತಿಕೊಂಡ. "ನೀನು ಕೊಯ್ಯದಿದ್ರೆ ನಾನೇ ಕೊಯ್ತೀನಿ. ನಾಳೆಯಿಂದ ಮಂಟಪದ ಕೆಲಸ ಬೇರೆಯೋರಿಗೆ."

ಕಲೀಂನ ವರ್ಷದ ಅರ್ಧ ದುಡಿಮೆ ಈ ಮಂಟಪದ್ದೇ. ಅವನ ಮುಖ ಸಪ್ಪಗಾಯಿತು. "ಹಾಗಾದ್ರೂ ಸರಿ. ನನ್ನ ಕೈಯಲ್ಲಂತೂ ಆಗಲ್ಲ" ಎಂದ.

ಉಚ್ಚಂಗಪ್ಪ ಏಣಿಯ ಮೊದಲ ಮೆಟ್ಟಿಲಲ್ಲೇ ನಿಂತ. ಅವನಿಗೊಂದು ಕಾಯಿಲೆಯಿತ್ತು, ಕುತೂಹಲದ್ದು. ಹಲ್ಲಿ ಲೊಚಗುಟ್ಟಿದರೆ ಅದರ ಮುತ್ತಜ್ಜನ ಹೆಸರು ಕೇಳುವ ಮನುಷ್ಯ. ಕಣ್ಣಿಗೆ ಕಾಣದ ಗ್ಯಾಸಿಗೋಸ್ಕರ ಒಬ್ಬ ಅನ್ನ ಬಿಡುತ್ತೇನೆ ಅಂದರೆ ಏನರ್ಥ?

"ಅಲ್ಲೋ, ಇಲ್ಲಿ ಪೊಲೀಸಿಲ್ಲ, ನೋಡೋರಿಲ್ಲ. ಆದ್ರೂ ಯಾಕೋ?"

"ನಿಮ್ಮ ಕಾಲುವೆಗೆ ಯಾವ ಪೊಲೀಸ್ರೀ?"

ಉಚ್ಚಂಗಪ್ಪ ಕಾಲುವೆ ನೀರಿನ ಸಂಘದ ಅಧ್ಯಕ್ಷ. ಸಂಘದ್ದೊಂದು ಪದ್ಧತಿಯಿತ್ತು: ಮೇಲಿನ ತೂಬಿನ ಬೀಗದ ಕೀಲಿ ಕಟ್ಟಕಡೆಯ ಗದ್ದೆಯವರ ಹತ್ತಿರ ಇರಬೇಕು. ಆ ಗದ್ದೆ ಮಾಸ್ತಮ್ಮನದು. ಅವಳು ಅಲ್ಲೇ ಮಂಟಪದ ಮೂಲೆಯಲ್ಲಿ ಮದುವೆಗೆ ಹೂ ಕಟ್ಟುತ್ತಿದ್ದಳು. ತಲೆಯೆತ್ತದೆ ಬಾಯಿ ಹಾಕಿದಳು.

"ಮೊದಲು ನೀವು ಮೇಲಿನ ಗದ್ದೆಯೋರು ನಾಲ್ಕು ಜನ ಕೂತು ರೂಲ್ಸ್ ಮಾಡಿದ್ರಿ. ನಾವು ಕೇಳಿದ್ವಾ? ಕದ್ದು ಕದ್ದು ತೂಬು ಎತ್ತಿದ್ವಿ. ನಮ್ಮನ್ನೂ ಕೂರಿಸ್ಕೊಂಡು ಕೀಲಿ ಕೊಟ್ಟ ಮೇಲೆ ಆ ಕಲ್ಲಪ್ಪ ಒಬ್ಬನ್ನ ಬಿಟ್ರೆ ಯಾರಾದ್ರೂ ಮುಟ್ಟಿದ್ದುಂಟಾ?"

"ಅಲ್ಲೂ ಹಾಗೇ ಆಗಿದ್ದು ಮಾಸ್ತಮ್ಮ" ಎಂದ ಕಲೀಂ. "1987ರಲ್ಲಿ ಶುರುವಾದ ಮಾತು. ಗ್ಯಾಸ್ ಜಾಸ್ತಿ ಬಿಟ್ಟಿದ್ದು ಸಾವುಕಾರ್ ದೇಶಗಳು. ನಮಗೆ ಸಮಯ ಕೊಡಿ, ಹೊಸ ಮಷೀನಿಗೆ ನೆರವು ಕೊಡಿ ಅಂತ ನಮ್ಮಂಥ ದೇಶಗಳು ಪಟ್ಟು ಹಿಡಿದ್ವು. ಹತ್ತು ವರ್ಷ ಹೆಚ್ಚು ಗಡುವು ಸಿಕ್ತು, ನೆರವಿಗೆ ನಿಧಿ ಆಯ್ತು. ಮತಕ್ಕೆ ಹಾಕಿದ್ರೆ ಸಾವುಕಾರ್ ದೇಶಗಳಲ್ಲೂ ಅರ್ಧಕ್ಕಿಂತ ಹೆಚ್ಚು ಒಪ್ಪಬೇಕು, ನಮ್ಮಂಥ ದೇಶಗಳಲ್ಲೂ ಒಪ್ಪಬೇಕು. 1992ರಲ್ಲಿ ಭಾರತ ಸೇರ್ತು. ಈಗ ಜಗತ್ತಿನ ಎಲ್ಲಾ ದೇಶಗಳೂ ಇದಾವೆ."

"ಎಲ್ಲಾನಾ?" ಉಚ್ಚಂಗಪ್ಪನ ಕಣ್ಣು ತೆಂಗಿನಕಾಯಿಯಷ್ಟಾಯಿತು. "ಒಂದು ಕಸದ ತೊಟ್ಟಿ ಎಲ್ಲಿಡಬೇಕು ಅಂತ ನಮ್ಮ ಓಣೀಲಿ ಹತ್ತು ಮನೆ ಒಪ್ಪಲ್ಲ! ಸರಿ, ಯಾರಾದ್ರೂ ಮಾತಿಗೆ ತಪ್ಪಿದ್ರೆ?"

"ಮೊದಲು ಯಾಕೆ ಆಗ್ಲಿಲ್ಲ ಅಂತ ಕೇಳ್ತಾರೆ, ಸಹಾಯ ಮಾಡ್ತಾರೆ. ಅದಕ್ಕೂ ಬಗ್ಗದಿದ್ರೆ ವ್ಯಾಪಾರಕ್ಕೆ ಕಡಿವಾಣ."

"ಕಲ್ಲಪ್ಪ ನೀರು ಕದ್ದಾಗ ನಾವೂ ಅದನ್ನೇ ಮಾಡಿದ್ವಲ್ಲ" ಎಂದಳು ಮಾಸ್ತಮ್ಮ. "ಹೋಗಿ ನೋಡಿದ್ರೆ ಪಾಪ, ಅವನ ಗದ್ದೆ ಕಾಲುವೆ ಒಡೆದಿತ್ತು. ಕಟ್ಟಿಕೊಟ್ವಿ. ಆಮೇಲೆ ಕದೀಲಿಲ್ಲ."

"ಇಷ್ಟೆಲ್ಲಾ ಮಾಡಿ ಏನಾದ್ರೂ ಉಪಯೋಗ ಆಯ್ತೇನೋ ಕಲೀಂ?"

"ಪದರ ನಿಧಾನಕ್ಕೆ ಸುಧಾರಿಸ್ತಾ ಇದೆ ಅಂತ ವಿಜ್ಞಾನಿಗಳು ಅಳೆದು ಹೇಳಿದ್ದಾರೆ. ಆದ್ರೆ ಹಳೇ ಏಸಿಗಳ ಗ್ಯಾಸೆಲ್ಲ ಹೀಗೆ ಪುಸ್ ಅಂದ್ರೆ ಇನ್ನೂ ತಡ ಆಗುತ್ತೆ."

"ನನ್ನೊಂದು ಏಸಿಯಿಂದ ಆಕಾಶ ಬೀಳುತ್ತಾ?"

ಮಾಸ್ತಮ್ಮ ಸೊಂಟದಿಂದ ಕೀಲಿ ತೆಗೆದು ಅವನ ಮುಂದೆ ಹಿಡಿದಳು. "ಆಯ್ತಪ್ಪಾ. ನಾಳೆ ನಾನೊಬ್ಬಳೇ, ಒಂದೇ ಒಂದು ಸಲ, ತೂಬು ಎತ್ಕೋತೀನಿ. ಆಗಬಹುದಾ?"

ನಲವತ್ತು ಹಳ್ಳಿಯ ಜಗಳ ಬಿಡಿಸಿದ ಉಚ್ಚಂಗಪ್ಪ ಗರಗಸ ಕೆಳಗಿಟ್ಟ. ಮೆಲ್ಲಗೆ ಏಣಿ ಇಳಿದ. "ಫೋನ್ ಮಾಡೋ ನಿಮ್ಮಕ್ಕಂಗೆ" ಎಂದ.

ಮಷೀನು ಬಂತು. ಬೀಗರೂ ಅದರ ಹಿಂದೆಯೇ ಬಂದರು. ಸೆಖೆಯೆಂದರೆ ಸೆಖೆ, ಅವರ ಬೆವರಿಗೆ ಕಾಲುವೆಯೇ ತುಂಬಿ ಹರಿಯಬೇಕಿತ್ತು. ಉಚ್ಚಂಗಪ್ಪ ಒಬ್ಬೊಬ್ಬರ ಕೈಗೂ ಒಂದೊಂದು ಬೀಸಣಿಗೆ ಕೊಟ್ಟು, ಮಷೀನಿನ ಸುತ್ತ ಕೂರಿಸಿ, ಮಾಂಟ್ರಿಯಲ್ ಕಥೆ ಶುರುಮಾಡಿದ. ಅವನು ಹೇಳಿದ್ದನ್ನು ಕೇಳಿದರೆ ಒಪ್ಪಂದಕ್ಕೆ ಮೊದಲ ಸಹಿ ಅವನದೇ, ಪೆನ್ನೂ ಅವನದೇ. ಗ್ಯಾಸೆಲ್ಲ ಸಿಲಿಂಡರಿಗೆ ಇಳಿದ ಮೇಲೆ ತೂಗಿದರು. ಒಂದೂವರೆ ಕೇಜಿ. ವರನ ತಂದೆ ಬೆರಗಾಗಿ, "ನಮ್ಮನೆ ಹಳೇ ಏಸೀಲೂ ಇಷ್ಟಿರುತ್ತಾ?" ಎಂದು ಕೇಳಿದರು.

"ಇವನನ್ನೇ ಕರೀರಿ" ಎಂದು ಉಚ್ಚಂಗಪ್ಪ ಕಲೀಂನ ಬೆನ್ನು ತಟ್ಟಿದ. "ನನ್ನ ಮಂಟಪಕ್ಕಂತೂ ಇನ್ಮೇಲೆ ಇವನೇ."

ಅಕ್ಕಂದಿರೇ, ಅಣ್ಣಂದಿರೇ, ಹಳೇ ಏಸಿಯನ್ನೋ ಫ್ರಿಜ್ಜನ್ನೋ ಗುಜರಿಗೆ ಹಾಕುವ ಮೊದಲು ಕೇಳಿ: ಇದರೊಳಗಿನ ಗ್ಯಾಸನ್ನು ಏನು ಮಾಡ್ತೀರಿ? ಗಾಳಿಗೆ ಬಿಡ್ತೀವಿ ಅಂದರೆ ತಡೆಯಿರಿ. ಅದನ್ನು ಸಿಲಿಂಡರಿಗೆ ಇಳಿಸಲು ತರಬೇತಿ ಪಡೆದವರನ್ನು ಕರೆಯಿರಿ, ಅರ್ಧ ದಿನ ತಡವಾದರೂ ಕಾಯಿರಿ. ಬೇರೆಯವರು ಬರೆದು ನಮ್ಮ ತಲೆಗೆ ಕಟ್ಟಿದ ಮಾತಲ್ಲ ಇದು. ನಮ್ಮ ದೇಶ ಕೂತು, ವಾದ ಮಾಡಿ, ಕೇಳಿದ್ದನ್ನು ಪಡೆದು ಕೊಟ್ಟ ಮಾತು. ಅದನ್ನು ಉಳಿಸಿಕೊಳ್ಳುವ ಸರದಿ ಈಗ ನಿಮ್ಮ ಮನೆಗೆ ಬಂದಿದೆ.