ಸೀಲು ಮಾಮನ ಎಡಗೈ ಮಂದಿ

ಸೀಲು ಮಾಮನಿಗೆ ಅವತ್ತು ಬಂದ ಕೋಪ ನೀವು ನೋಡಬೇಕಿತ್ತು. ಮೂವತ್ತೈದು ವರ್ಷದಿಂದ ರಬ್ಬರ್ ಸೀಲು ಕೆತ್ತಿಕೊಂಡಿರುವ ಆಸಾಮಿ, ಇರುವೆಗೂ ದಾರಿ ಬಿಟ್ಟು ನಡೆಯುವ ಪೈಕಿ. ಅಂಥವನು ಲೈಬ್ರರಿಯ ಮೆಟ್ಟಿಲನ್ನು ದಡದಡ ಇಳಿದು, ಚಿತ್ರಗಳ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು, ಛತ್ರಿಯನ್ನು ಅಲ್ಲೇ ಮರೆತು ಮನೆಗೆ ಬಂದ. ಲೈಬ್ರರಿ ಮೇಡಂ ಕೇಳಿದ್ದಾದರೂ ಏನು? "ಮಾಮ, ನಿಮ್ಮ ಚಿತ್ರದಲ್ಲಿರೋರೆಲ್ಲ ಯಾಕೆ ಎಡಗೈಯವರು? ತಿರುಗಿಸಿ ಕೆತ್ತೋದು ಮರೆತುಬಿಟ್ರಾ?"

ಸೀಲು ಕೆತ್ತುವವರಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ರಬ್ಬರಿನ ಮೇಲೆ ಅಕ್ಷರವನ್ನು ಹಿಂದುಮುಂದಾಗಿ ಕೆತ್ತಬೇಕು, ಆಗಲೇ ಕಾಗದದ ಮೇಲೆ ನೆಟ್ಟಗೆ ಬೀಳುವುದು. ಕಲಿಯುವವರು ಮರೆತು ನೇರವಾಗಿ ಕೆತ್ತಿ ಕಿವಿ ಹಿಂಡಿಸಿಕೊಳ್ಳುತ್ತಾರೆ. ಐವತ್ತೆಂಟು ವರ್ಷದವನಿಗೆ ಹಾಗಂದರೆ, ಅಡುಗೆ ಭಟ್ಟನಿಗೆ ಅನ್ನ ಬೇಯಿಸೋಕೆ ಬರುತ್ತಾ ಅಂತ ಕೇಳಿದ ಹಾಗೆ.

ಅವನು ಅಲ್ಲಿಗೆ ಹೋಗಿದ್ದಕ್ಕೆ ಕಾರಣವಿತ್ತು. ಅಂಗಡಿ ಮುಚ್ಚಿದ ಮೇಲೆ, ರಜೆಯ ದಿನ, ಬಿಡುವು ಸಿಕ್ಕಾಗಲೆಲ್ಲ ಮಾಮ ಚಿತ್ರ ಮಾಡುತ್ತಿದ್ದ, ಕತೆ ಬರೆಯುತ್ತಿದ್ದ. ಕೆಲವು ಚಿತ್ರ ರಬ್ಬರ್ ಹಾಳೆಯಲ್ಲಿ ಕೆತ್ತಿ ಅಚ್ಚು ಹಾಕಿದ್ದು, ಮಿಕ್ಕವು ಕುಂಚದಿಂದ ಬಣ್ಣ ಹಚ್ಚಿದ್ದು. ಎಲ್ಲ ಸೇರಿ ಅರವತ್ತು ಚಿತ್ರ, ಇಪ್ಪತ್ತೆರಡು ಕತೆ. ಲೈಬ್ರರಿಯ ಮಹಡಿ ಮೇಲಿನ ಹಾಲ್‌ನಲ್ಲಿ ಹತ್ತು ದಿನ ಅವುಗಳನ್ನು ತೂಗುಹಾಕಬೇಕು ಅಂತ ಆಸೆ. ಆಸೆ ಅಂದರೆ ಬರೀ ಆಸೆಯಲ್ಲ. ಅವನನ್ನು ಏಳು ವರ್ಷದವನಿದ್ದಾಗಿನಿಂದ ಸಾಕಿದ ಅತ್ತಿಗೆಗೆ ಈಗ ಎಪ್ಪತ್ತಾರು. ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು, ಮುಂದಿನ ವರ್ಷಕ್ಕೆ ಎಷ್ಟು ಉಳಿಯುತ್ತದೋ ಹೇಳೋಕಾಗಲ್ಲ ಅಂದಿದ್ದರು ಡಾಕ್ಟರು. ಚಿತ್ರಗಳನ್ನು ಒಂದೊಂದಾಗಿ ಅಡುಗೆಮನೆಯ ಮೇಜಿನ ಮೇಲಿಟ್ಟಾಗ "ಚೆನ್ನಾಗಿದೆ ಕಣೋ, ಊಟಕ್ಕೆ ಏಳು" ಅನ್ನುತ್ತಿದ್ದ ಅತ್ತಿಗೆ ಎಲ್ಲವನ್ನೂ ಒಟ್ಟಿಗೆ, ಒಂದೇ ಗೋಡೆಯ ಮೇಲೆ, ಕಣ್ಣಿರುವಾಗಲೇ ನೋಡಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಈ ಸಲ ತಪ್ಪಿದರೆ ಹಾಲ್ ಖಾಲಿ ಸಿಗುವುದು ಇನ್ನು ಒಂದೂವರೆ ವರ್ಷಕ್ಕೆ.

ಲೈಬ್ರರಿಯ ಸಮಿತಿಯದು ಒಂದೇ ಷರತ್ತು. ಚಿತ್ರಕ್ಕೂ ಕತೆಗೂ ನಂಟೇನು, ಎಲ್ಲದರಲ್ಲೂ ಹಾದುಹೋಗುವ ಒಂದು ವಿಷಯ ಯಾವುದು, ಒಂದು ಪುಟ ಬರೆದು ಕೊಡಬೇಕು. ಮಾಮ "ಬದುಕು" ಅಂತ ಬರೆದುಕೊಂಡು ಹೋಗಿದ್ದ. ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಬೋನ್ಸಾಯ್ ಸಂಘದವರೂ ಇದೇ ಹಾಲ್ ಕೇಳಿದ್ದಾರೆ, ಮಾಮ. ಅವರೂ ಬದುಕು ಅಂತಲೇ ಬರೆದಿದ್ದಾರೆ. ಕುಂಡದಲ್ಲಿರೋ ಗಿಡಕ್ಕೂ ನಿಮಗೂ ಏನಾದ್ರೂ ವ್ಯತ್ಯಾಸ ಬೇಡವಾ? ಸೋಮವಾರ ಬೆಳಗ್ಗೆ ಸಮಿತಿ ಕೂರುತ್ತೆ. ಅಷ್ಟರಲ್ಲಿ ಸರಿಯಾಗಿ ಬರ್ಕೊಂಡು ಬನ್ನಿ." ಹಾಗಂದು ಚಿತ್ರಗಳನ್ನು ತಿರುವಿ ಹಾಕುತ್ತಾ ಆ ಎಡಗೈ ಮಾತು ಕೇಳಿದ್ದರು.

ಭಾನುವಾರ ಬೆಳಗ್ಗೆ ಮಾಮ ಅಷ್ಟೂ ಚಿತ್ರಗಳನ್ನು ನಡುಮನೆಯ ನೆಲದ ಮೇಲೆ ಹರಡಿದ. ಮೇಡಂ ಮಾತನ್ನು ಸುಳ್ಳು ಮಾಡಿಯೇ ತೀರಬೇಕು ಅನ್ನುವ ಹಟ. ಅಚ್ಚಿನ ಚಿತ್ರಗಳಲ್ಲಿ ಚಪ್ಪಲಿ ಹೊಲಿಯುವವನು ಎಡಗೈಯಲ್ಲಿ ದಬ್ಬಣ ಹಿಡಿದಿದ್ದ. ಗಡಿಯಾರ ರಿಪೇರಿಯವನು, ಗೋಡೆಗೆ ಸುಣ್ಣ ಬಳಿಯುವವಳು, ಎಲ್ಲರೂ ಎಡಗೈ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಹಾಗಾದರೆ ಮರೆತೇ ಹೋಗಿತ್ತಾ? ಇಷ್ಟು ವರ್ಷ?

ಆಮೇಲೆ ಕುಂಚದ ಚಿತ್ರ ನೋಡಿದ. ಅಲ್ಲೂ ಅದೇ. ಕುಂಚದ ಚಿತ್ರಕ್ಕೆ ಅಚ್ಚೂ ಇಲ್ಲ, ತಿರುಗಿಸುವ ಮಾತೂ ಇಲ್ಲ.

"ಏನ್ರೀ, ಬೆಳಗ್ಗೆಯಿಂದ ನೆಲ ಕಾಯ್ತಿದ್ದೀರಾ, ಕಾಲಿಡೋಕೆ ಜಾಗ ಇಲ್ಲ," ಅಂತ ಹೆಂಡತಿ ಬಂದಳು.

"ನೀನೊಂದು ಉಪಕಾರ ಮಾಡು. ಆ ಕತೆ ನೋಟ್‌ಬುಕ್ಕುಗಳಲ್ಲಿ ಯಾರಾದ್ರೂ ಕೈಯಿಂದ ಏನಾದ್ರೂ ಮಾಡೋ ಕಡೆ ಓದು. ಯಾವ ಕೈ ಅಂತ ಬರೆದಿದ್ರೆ ಹೇಳು."

ಅವಳು ಕುರ್ಚಿ ಎಳೆದುಕೊಂಡು ಓದತೊಡಗಿದಳು. "ನರ್ಸು ಎಡಗೈಯಿಂದ ಕಿಟಕಿಯ ಚಿಲಕ ತೆಗೆದಳು." ಪುಟ ತಿರುವಿದಳು. "ಮೇಷ್ಟ್ರು ಎಡಗೈಲಿ ಸೀಮೆಸುಣ್ಣ ಎತ್ತಿಕೊಂಡರು." ಇನ್ನೊಂದು. "ಕಳ್ಳ ಎಡಗೈಯಿಂದ ಬೀಗ ತಡವಿದ." ಅಲ್ಲಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. "ಅಲ್ರೀ, ಕಳ್ಳನನ್ನೂ ಬಿಡಲಿಲ್ವಲ್ಲ ನೀವು! ನೀವು ನೋಡಿದ್ರೆ ಬಲಗೈಯವರು. ಇಷ್ಟು ಜನ ಎಡಗೈಯವರು ಎಲ್ಲಿಂದ ಬಂದ್ರು?"

ಅಷ್ಟರಲ್ಲಿ ಅಡುಗೆಮನೆಯಿಂದ ಚಾಕು ಹಲಗೆಯ ಮೇಲೆ ಟಕಟಕ ಅನ್ನುವ ಸದ್ದು ಬಂತು. ಅತ್ತಿಗೆ ತರಕಾರಿ ಹೆಚ್ಚುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಅತ್ತ ತಿರುಗಿದರು. ಅತ್ತಿಗೆಯ ಎಡಗೈ ಚಾಕುವನ್ನು ಹಿಡಿದು ಐವತ್ತು ವರ್ಷ ಪಳಗಿದ ಕೆಲಸ ಮಾಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಮಾಮನಿಗೆ ಬೇಕಾಗಿ ಬಂತು ನೋಡಿ.

ಅತ್ತಿಗೆಯ ಎಡಗೈಯ ಕತೆ ಹೇಳಲೇಬೇಕು. ಚಿಕ್ಕವಳಿದ್ದಾಗ ಅಮ್ಮ ಆ ಕೈಯನ್ನು ಬಟ್ಟೆಯಿಂದ ಕಟ್ಟಿಹಾಕುತ್ತಿದ್ದಳಂತೆ. ಸ್ಕೂಲಿನಲ್ಲಿ ಗೆಣ್ಣಿನ ಮೇಲೆ ಸ್ಕೇಲಿನ ಏಟು. ಹಾಗಾಗಿ ಹೊರಗಿನವರೆದುರು ಬಲಗೈ, ಮನೆಯೊಳಗೆ ಎಡಗೈ ಅನ್ನುವುದು ರೂಢಿಯಾಗಿಹೋಯಿತು. ಅವರ ಗಂಡ, ಅಂದರೆ ಮಾಮನ ಅಣ್ಣ, ಸೀಲಿನ ಅಂಗಡಿ ತೆರೆದಾಗ ಅವನ ಕೈಯಲ್ಲಿ ಅಕ್ಷರ ಬಾಗುತ್ತಿತ್ತು, ಬಳುಕುತ್ತಿತ್ತು, ಗಿರಾಕಿ ಬೈದು ಹೋಗುತ್ತಿದ್ದ. ಒಂದು ದಿನ ಹಿಂದಿನ ಕೋಣೆಯಲ್ಲಿ ಅತ್ತಿಗೆ ಬ್ಲೇಡನ್ನು ಎಡಗೈಗೆ ತೆಗೆದುಕೊಂಡರು. ಹಿಂದುಮುಂದಾದ ಅಕ್ಷರ ಆ ಕೈಗೆ ನೀರು ಕುಡಿದಷ್ಟು ಸಲೀಸು. ಜಗತ್ತೆಲ್ಲ ತಪ್ಪು ಅಂದ ಕೈಗೆ ಸರಿಯಾದ ಕೆಲಸ ಸಿಕ್ಕಿತ್ತು. ಅಲ್ಲಿಂದಾಚೆಗೆ ಅಣ್ಣ ಮುಂದೆ ಕೂತು ಆರ್ಡರ್ ತೆಗೆದುಕೊಂಡ, ಅತ್ತಿಗೆ ಹಿಂದೆ ಕೂತು ಕೆತ್ತಿದರು. ಶಾಲೆ, ಆಸ್ಪತ್ರೆ, ವಕೀಲರು, ಗೋದಾಮು, ಯಾರ ಕಾಗದ ತೆಗೆದರೂ ಕೊನೆಯಲ್ಲಿ ಅತ್ತಿಗೆಯ ಕೈ. "ನಿಮ್ಮ ಯಜಮಾನರ ಕೈ ಬಂಗಾರ ಕಣಮ್ಮ" ಅಂತ ಗಿರಾಕಿಗಳು ಅವರಿಗೇ ಹೇಳಿದರೆ, ಅತ್ತಿಗೆ ಹೌದು ಅಂತ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಆ ಹಿಂದಿನ ಕೋಣೆಯಲ್ಲಿ, ಅವರ ಎದುರಿಗೆ ಕೂತೇ ಮಾಮ ಕೆಲಸ ಕಲಿತದ್ದು. ಕೆಲಸ ಮಾಡುವ ಕೈ ಅಂದರೆ ಅವನ ಕಣ್ಣಿಗೆ ಅದೇ ಕೈ. ಅದಕ್ಕೆ ಬೇರೆ ಕೈ ಬರೆಯಲು ಅವನಿಗೆ ತೋಚಲೇ ಇಲ್ಲ.

ಇನ್ನೊಂದು ನೆನಪೂ ಬಂತು, ಮುಳ್ಳು ಮುರಿದು ಒಳಗುಳಿದ ಹಾಗೆ. ಅಣ್ಣ ತೀರಿಹೋದ ವರ್ಷ ಬ್ಯಾಂಕಿನಲ್ಲಿ ಅತ್ತಿಗೆ ಬಲಗೈಯಿಂದ ಸಹಿ ಹಾಕಿದ್ದರು. ಕಾಗೆ ಕಾಲು ಗುಬ್ಬಿ ಕಾಲು. ಗುಮಾಸ್ತ ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಕಷ್ಟ ಪಡಬೇಡಿ ಅಮ್ಮ, ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ" ಅಂತ ಇಂಕ್ ಪ್ಯಾಡ್ ಮುಂದಿಟ್ಟಿದ್ದ. ಆ ಬ್ಯಾಂಕಿನ ಸೀಲೂ ಇವರೇ ಕೆತ್ತಿದ್ದು! ಅತ್ತಿಗೆ ತುಟಿಪಿಟಕ್ಕೆನ್ನದೆ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ನಿಂತಿದ್ದ ಮಾಮನೂ ಬಾಯಿ ಬಿಡಲಿಲ್ಲ. ಅದಕ್ಕೆ ಅವನಿಗೆ ಇವತ್ತಿಗೂ ನಾಚಿಕೆ.

ಊಟವನ್ನೂ ಮರೆತು ಮಾಮ ಪುಟ ಬರೆದ. ಮಧ್ಯಾಹ್ನ ಅತ್ತಿಗೆಯ ಎದುರು ಕೂತು ಓದಿದ. "ಈ ಚಿತ್ರಗಳಲ್ಲಿ, ಕತೆಗಳಲ್ಲಿ ಇರುವವರೆಲ್ಲ ಎಡಗೈಯವರು. ಅದು ತಪ್ಪಿನಿಂದ ಆದದ್ದಲ್ಲ. ನಾನು ನೋಡಿ ಬೆಳೆದ ಕೈ ಒಂದೇ. ನಮ್ಮ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಅಣ್ಣನ ಹೆಸರಿನಲ್ಲಿ ಹೋದ ಸೀಲುಗಳೆಲ್ಲ ನನ್ನ ಅತ್ತಿಗೆಯ ಕೆಲಸ. ಆ ಕೆಲಸದಷ್ಟು ಚೆಂದದ್ದನ್ನು ನಾನು ಇನ್ನೂ ಮಾಡಿಲ್ಲ."

ಅತ್ತಿಗೆ ಮುಖ ಕೆಂಪಗಾಯಿತು. "ಏನೋ ಇದು? ನಿಮ್ಮಣ್ಣನ ಹೆಸರಿಗೆ ಮಸಿ ಬಳೀತೀಯಾ? ಸತ್ತವರನ್ನ ಸುಳ್ಳುಗಾರರನ್ನಾಗಿ ಮಾಡ್ತೀಯಾ? ಹರಿದು ಹಾಕು ಅದನ್ನ!"

"ಅತ್ತಿಗೆ, ಅಣ್ಣನ್ನ ಅಂದಿದ್ದಲ್ಲ..."

"ನಾನು ಕೇಳಿದ್ನಾ ನಿನ್ನ? ಮನೆ ಗುಟ್ಟು ಗೋಡೆಗೆ ಅಂಟಿಸು ಅಂತ ಹೇಳಿದ್ನಾ?" ಅಂತ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಮಾಮ ಹರಿಯಲಿಲ್ಲ, ಆದರೆ ಮಡಚಿ ಮೇಜಿನ ಖಾನೆಯಲ್ಲಿಟ್ಟ. ಅತ್ತಿಗೆಗೆ ಬೇಡವಾದದ್ದನ್ನು ಹಾಕಿ ಯಾವ ಸೌಭಾಗ್ಯಕ್ಕೆ ಚಿತ್ರ ತೂಗುಹಾಕುವುದು? ಹಾಲ್ ಬೋನ್ಸಾಯ್‌ಗೇ ಹೋಗಲಿ ಅಂದುಕೊಂಡ. ಅಂದುಕೊಂಡನೇ ಹೊರತು ನೆಲದ ಮೇಲಿನ ಚಿತ್ರಗಳನ್ನು ಎತ್ತಿಡಲಿಲ್ಲ.

ಸೋಮವಾರ ಬೆಳಗ್ಗೆ ಎದ್ದು ಬಂದರೆ ಅತ್ತಿಗೆ ನಡುಮನೆಯ ನೆಲದ ಮೇಲೆ ಕೂತಿದ್ದರು. ಚಿತ್ರಗಳು ಇನ್ನೂ ಹರಡಿಕೊಂಡೇ ಇದ್ದವು. ಒಂದೊಂದನ್ನೇ ಎತ್ತಿ, ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು.

"ಇಷ್ಟು ವರ್ಷ ತೋರಿಸಿದ್ಯಲ್ಲೋ, ನಂಗೆ ಒಂದು ಸಲಾನೂ ವಿಚಿತ್ರ ಅನ್ನಿಸಲಿಲ್ಲ," ಅಂದರು. "ಎಲ್ಲ ಸರಿಯಾಗೇ ಕಾಣ್ತಿತ್ತು. ನಂಗೆ ಸರಿ ಕಾಣೋ ಕೈ ಇದೇ ಅಲ್ವಾ." ಕೈಲಿದ್ದ ಚಿತ್ರ ಕೆಳಗಿಟ್ಟು, "ಎಲ್ಲಿ ಆ ಕಾಗದ?" ಅಂದರು.

ಮಾಮ ತಂದುಕೊಟ್ಟ. ಅವರು ಕಣ್ಣು ಕಿರಿದು ಮಾಡಿ ಕೊನೆಯವರೆಗೂ ಓದಿದರು.

"ಇದರಲ್ಲಿ ಒಂದು ಬಿಟ್ಟಿದ್ದೀಯ. ಕೆತ್ತಿದ ಮೇಲೆ ಅಕ್ಷರ ಸರಿ ಬಂತಾ ಅಂತ ನೋಡೋಕೆ ಕನ್ನಡಿ ಹಿಡೀತಿದ್ದೋರು ಯಾರು? ನಿಮ್ಮಣ್ಣ. ಕೈ ನಡುಗದ ಹಾಗೆ ಹಿಡೀತಿದ್ರು. ಒಂದು ದಿನಾನೂ ನಂಗೆ ಆ ಕೈ ಬೇಡ ಅಂದವರಲ್ಲ. ಅದನ್ನೂ ಬರಿ. ಅದು ಬರೆದರೆ ಹಾಕು, ಇಲ್ದಿದ್ರೆ ಬೇಡ."

ಮಾಮ ನಿಂತಲ್ಲೇ ನಿಂತು ಬರೆದ. ಅತ್ತಿಗೆ ಒಳ್ಳೆಯ ಸೀರೆಯುಟ್ಟು ಬಂದು, "ನಡಿ, ನಾನೂ ಬರ್ತೀನಿ. ನಿನ್ನ ಛತ್ರಿ ಬೇರೆ ಅಲ್ಲೇ ಇದೆಯಂತೆ," ಅಂದರು.

ಮೇಡಂ ನಿಂತುಕೊಂಡೇ ಪುಟ ಓದಿದರು. ಎರಡನೇ ಸಲ ಓದುವಾಗ ಕೂತುಕೊಂಡರು. ಪುಟ ಹಿಡಿದು ಒಳಗೆ ಸಮಿತಿಯವರ ಹತ್ತಿರ ಹೋಗಿ ಕಾಲು ಗಂಟೆಗೆ ವಾಪಸು ಬಂದರು. "ಬೋನ್ಸಾಯ್‌ನವರಿಗೆ ಮುಂದಿನ ಸಲ," ಅಂದರು. "ಮಾಮ, ಅವತ್ತು ಹಾಗೆ ಕೇಳಬಾರದಿತ್ತು, ತಪ್ಪಾಯ್ತು."

"ಕೇಳಿದ್ದೇ ಒಳ್ಳೇದಾಯ್ತು ಬಿಡಿ," ಅಂದ ಮಾಮ.

ಮೇಡಂ ಒಪ್ಪಿಗೆ ಪತ್ರ ತೆಗೆದು, ಡ್ರಾಯರಿನಿಂದ ಲೈಬ್ರರಿಯ ಸೀಲು ಹುಡುಕಿ, ಪ್ಯಾಡಿಗೆ ಒತ್ತಿ ಧಪ್ಪೆಂದು ಹಾಕಿದರು. "ಪುಟದಲ್ಲಿ ಇವರ ವಿಷಯ ಇರೋದರಿಂದ ಇವರದ್ದೂ ಒಂದು ಸಹಿ ಬೇಕು."

ಅತ್ತಿಗೆ ಕಾಗದವನ್ನು ಮೂಗಿನ ಹತ್ತಿರ ಹಿಡಿದರು. ಸೀಲನ್ನೇ ಬಹಳ ಹೊತ್ತು ನೋಡಿದರು. ನಡುವಿನ ಪುಸ್ತಕದ ಚಿತ್ರ, ಸುತ್ತ ಬಳ್ಳಿಯ ಹಾಗೆ ಬಾಗಿದ ಅಕ್ಷರ. ಮಾಮನೂ ಬಗ್ಗಿ ನೋಡಿದ. ಅವನಿಗೂ ಗುರುತು ಸಿಕ್ಕಿತು, ಅದು ಅತ್ತಿಗೆ ಕೆತ್ತಿದ್ದೇ.

ಮೇಡಂ ಪೆನ್ನು ಮುಂದೆ ಹಿಡಿದಿದ್ದರು. ಅತ್ತಿಗೆಯ ಬಲಗೈ ಅಭ್ಯಾಸದಿಂದ ಮೇಲೆದ್ದಿತು, ಅರ್ಧಕ್ಕೆ ನಿಂತಿತು, ಮತ್ತೆ ಮಡಿಲಿಗೆ ಹೋಗಿ ಕೂತಿತು. ಅವರು ಎಡಗೈಯಿಂದ ಪೆನ್ನು ತೆಗೆದುಕೊಂಡು, ಮೇಡಂ ಎದುರಿಗೇ, ಓದಲು ಬಂದ ಹತ್ತಾರು ಜನರ ಎದುರಿಗೇ, ಒಂದೇ ಉಸಿರಿಗೆ ಸಹಿ ಹಾಕಿದರು. ಮುತ್ತು ಪೋಣಿಸಿದಂಥ ಅಕ್ಷರ.

"ಅಬ್ಬಾ, ಎಷ್ಟು ಚೆಂದ!" ಅಂದರು ಮೇಡಂ.

"ಅಕ್ಷರ ಇರಲಿ," ಅಂದರು ಅತ್ತಿಗೆ, ಸೀಲಿನ ಕಡೆ ಬೆರಳು ತೋರಿಸಿ. "ಇದರ ಎಡಮೂಲೆ ಸವೆದುಹೋಗಿದೆ ನೋಡಿ, ಬಳ್ಳಿ ಅರ್ಧಕ್ಕೇ ನಿಂತಿದೆ. ಕಣ್ಣಿರೋವಾಗಲೇ ಮನೆಗೆ ಕಳಿಸಿಕೊಡಿ. ಹೊಸದು ಕೆತ್ತಿಕೊಡ್ತೀನಿ. ಕನ್ನಡಿ ಹಿಡಿಯೋಕೆ ಇವನಿದ್ದಾನೆ."