ಸಭೆ ನಕ್ಕ ಸಂಜೆ

ಕೊಟ್ಟಿಗೆಯಲ್ಲಿ ಪ್ರಮೀಳಾ ಹಸುವಿಗೆ ಬೂಸಾ ಕಲಸುತ್ತಿದ್ದಳು. ಗಂಡ ತಿಮ್ಮರಾಜು ಎದುರಿಗೆ ನಿಂತು ಸಂಜೆಯ ಭಾಷಣವನ್ನು ಒಪ್ಪಿಸುತ್ತಿದ್ದ.

"ಹಳೇ ಕಮಿಟಿಯೋರು ನೀರು ಬೆರೆಸಿದ ಹಾಲನ್ನ ಕಣ್ಮುಚ್ಕೊಂಡು ತಗೊಂಡ್ರು. ಅದ್ಕೇ ನಮ್ಮೂರ ಹಾಲಿಗೆ ರೇಟು ಬಿತ್ತು. ಎಂಗದೆ?"

"ವಿಷಯ ಚೆನ್ನಾಗಿದೆ. ಆದ್ರೆ ಜನ ತೂಕಡಿಸ್ತಾರೆ. ಇಲ್ಲೊಂದು ನಗು ಬರ್ಬೇಕು ಕಣ್ರೀ," ಎಂದಳು ಪ್ರಮೀಳಾ.

"ಅಲ್ಲಿ ಬತ್ತದೆ ಬುಡು. ಜನರ ಮುಖ ನೋಡಿದ್ರೆ ಮಾತು ತಾನಾಗೇ ಬತ್ತದೆ."

ಅದು ಸುಳ್ಳಲ್ಲ. ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ಬಿ.ಎ. ಓದುವಾಗ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಅವನನ್ನು ಮೊದಲು ಕಂಡಾಗಲೇ ಅವಳು ಆ ಮಾತಿಗೆ ಸೋತಿದ್ದಳು. ಈಗ ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಎಲ್ಲಿ ಶಾಲಾ ವಾರ್ಷಿಕೋತ್ಸವ, ಎಲ್ಲಿ ನಿವೃತ್ತಿ ಸಮಾರಂಭ ಇದ್ದರೂ ಅವನಿಗೆ ಕರೆ ಬರುತ್ತಿತ್ತು. ಅವನು ಶ್ರದ್ಧಾಂಜಲಿಯ ಮಾತಾಡಿದರೆ ಸತ್ತವರ ಗುರುತಿಲ್ಲದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥವನು ತೊಂಬತ್ನಾಲ್ಕರಲ್ಲಿ ಊರಿನ ಹಾಲಿನ ಡೈರಿಯ ಚುನಾವಣೆಗೆ ನಿಂತಾಗ ಗೆಲುವಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಸಂಜೆ ಡೈರಿಯ ಮುಂದೆಯೇ ಸಭೆ. ತಿಮ್ಮರಾಜು ನೀರು ಬೆರೆಸುವ ಮಾತಿಗೆ ಬಂದಿದ್ದ. ಅದೇ ಹೊತ್ತಿಗೆ ಕೆಳಗಿನ ಕೇರಿಯ ಚಲುವಮ್ಮ, ಹಸು ಕರೆಯುವುದು ತಡವಾಗಿತ್ತೇನೋ, ಕ್ಯಾನು ಹಿಡಿದು ಸಭೆಯ ಅಂಚಿನಲ್ಲಿ ಸರಸರ ನಡೆದುಹೋಗುತ್ತಿದ್ದಳು. ಅವನ ಕಣ್ಣು ಅವಳ ಮೇಲೆ ಬಿತ್ತು.

"ಈ ವರ್ಷ ಮಳೆ ಚೆನ್ನಾಗೇ ಆಯ್ತು. ಆದ್ರೂ ನಮ್ಮೂರ ಕೆರೆ ಯಾಕಪ್ಪಾ ಬತ್ತೋಯ್ತು ಅಂತ ತಲೆ ಕೆಡಿಸ್ಕೊಂಡಿದ್ರಲ್ಲಾ?" ಒಂದು ಗಳಿಗೆ ನಿಲ್ಲಿಸಿದ. "ಅಗೋ ನೋಡಿ! ಕೆರೆ ಹೋಯ್ತಾ ಅದೆ, ನಮ್ಮ ಚಲುವಮ್ಮನ ಕ್ಯಾನಲ್ಲಿ!"

ಸಭೆ ಬಿದ್ದೂ ಬಿದ್ದೂ ನಕ್ಕಿತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಪ್ರಮೀಳಾಳೂ ನಕ್ಕಳು. ತನ್ನ ಹೆಸರು ಕೇಳಿ ತಿರುಗಿದ ಚಲುವಮ್ಮ, ಎಲ್ಲರೂ ನಗುತ್ತಿರುವುದನ್ನು ಕಂಡು ತಾನೂ ಸ್ವಲ್ಪ ನಕ್ಕಳು. ಪಕ್ಕದವರು ಯಾರೋ ಬಿಡಿಸಿ ಹೇಳಿರಬೇಕು. ಅವಳ ನಗು ಅಲ್ಲೇ ನಿಂತಿತು. ಕ್ಯಾನಿನ ಮುಚ್ಚಳವನ್ನು ಅಂಗೈಯಿಂದ ಒಮ್ಮೆ ಅದುಮಿ, ತಲೆತಗ್ಗಿಸಿ ಹೊರಟುಹೋದಳು.

ತಿಮ್ಮರಾಜು ಗೆದ್ದು ಅಧ್ಯಕ್ಷನಾದ. ಆ ಮಾತೂ ಗೆದ್ದಿತು. ಸ್ಕೂಲಿಗೆ ಹೋಗುವ ಮಕ್ಕಳೂ 'ಕೆರೆ ಚಲುವಮ್ಮ' ಎಂದು ಕೂಗತೊಡಗಿದರು.

ಒಂದು ಬೆಳಿಗ್ಗೆ ಪ್ರಮೀಳಾ ಹಾಲು ಹಾಕಲು ಹೋದಾಗ ಡೈರಿಯಲ್ಲಿ ಜಗಳ ನಡೆಯುತ್ತಿತ್ತು. ಕಾರ್ಯದರ್ಶಿ ಶಿವಲಿಂಗಯ್ಯ ಚಲುವಮ್ಮನ ಹಾಲಿನಲ್ಲಿ, ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ಬಿಟ್ಟು, "ಡಿಗ್ರಿ ಸರ್ಯಾಗೇ ಅದೆ ಕಣ್ರಪ್ಪ. ಯಾವತ್ತೂ ಸರ್ಯಾಗೇ ಬಂದದೆ," ಎನ್ನುತ್ತಿದ್ದ.

"ಆ ಗಾಜಿನ ಕಡ್ಡಿ ನಮ್ ತಿಮ್ಮರಾಜುಗಿಂತ ಬುದ್ವಂತನೇನ್ಲಾ?" ಎಂದ ಮೇಲಿನ ಕೇರಿಯ ಹೊನ್ನಪ್ಪ. ಸುತ್ತಲಿದ್ದವರು ನಕ್ಕರು.

"ಅವ್ಳ ಆಲು ಬ್ಯಾರೆ ಕ್ಯಾನ್ಗೆ ಉಯ್ಯಿ. ನಮ್ದುಕ್ಕೆ ಸೇರುಸ್ಬ್ಯಾಡ," ಎಂದಳು ದೊಡ್ಡತಾಯಮ್ಮ.

ಮೂಲೆಯಿಂದ ಸಣ್ಣದೊಂದು ಕ್ಯಾನು ಬಂತು. ವಾರ ಕಳೆಯುವುದರೊಳಗೆ ಕೆಳಗಿನ ಕೇರಿಯ ದೇವಯ್ಯನ ಹಾಲನ್ನೂ, "ಅವ್ರುದ್ದೂ ಅದ್ರಲ್ಲೇ ಇರ್ಲಿ ಬುಡು," ಎಂದು ಅದಕ್ಕೇ ಸುರಿದರು. ದೇವಯ್ಯನ ಹಾಲಿಗೆ ನೀರು ಬೆರೆತಿದೆ ಎಂದು ಯಾರೂ ಹೇಳಿರಲಿಲ್ಲ. ಡೈರಿ ಶುರುವಾದಾಗ ಎರಡೂ ಕೇರಿಯ ಹಾಲು ಒಂದೇ ಕ್ಯಾನಿಗೆ ಬೀಳುವುದನ್ನು ಕಂಡು ಗೊಣಗಿದವರು ಕೆಲವರಿದ್ದರು. ಬರುಬರುತ್ತಾ ಸುಮ್ಮನಾಗಿದ್ದರು. ಮರೆತರೆಂದೇ ಪ್ರಮೀಳಾ ತಿಳಿದಿದ್ದಳು.

ಮನೆಗೆ ಬಂದವಳೇ ಗಂಡನನ್ನು ಕೇಳಿದಳು. "ಇದನ್ನ ಹಿಂಗೇ ಬಿಡ್ತೀರಾ?"

"ನಾನೇನು ಬ್ಯಾರೆ ಕ್ಯಾನ್ ಇಡಿ ಅಂದ್ನಾ? ನಗ್ಸಾಕೆ ಒಂದ್ ಮಾತಂದೆ. ನೀನೂ ನಕ್ಕೆ."

"ನಕ್ಕೆ. ನಗು ಬರ್ಲಿ ಅಂತ ಹೇಳ್ಕೊಟ್ಟೋಳೂ ನಾನೇ. ಅವರ ಹೊಟ್ಟೇಲಿ ಆ ಭೇದ ಮೊದ್ಲೇ ಇತ್ತು, ಬಾಯಿಬಿಟ್ಟು ಹೇಳೋಕೆ ಧೈರ್ಯ ಇರ್ಲಿಲ್ಲ. ನೀವು ನಗ್ಸಿದ್ರಿ, ಧೈರ್ಯ ಬಂತು."

"ಆ ಕ್ಯಾನ್ ತೆಗುಸ್ಬುಟ್ರೆ ಮೇಲಿನ ಕೇರಿಯೋರು ಆಲು ಆಕಾಕಿಲ್ಲ ಅಂತಾವ್ರೆ. ಡೈರಿ ಮುಚ್ಚೋಯ್ತದೆ." ಹೊಸಿಲು ದಾಟಿದವನು ತಿರುಗಿ ಬಂದ. "ಆಯ್ತು. ಮಾತಿಂದ ಆಗಿದ್ದನ್ನ ಮಾತಿಂದ್ಲೇ ಸರಿ ಮಾಡ್ತೀನಿ."

ಭಾನುವಾರ ಸಭೆ ಕರೆದ. ಪ್ರಮೀಳಾ ಅವನ ಎಷ್ಟೋ ಭಾಷಣಗಳನ್ನು ಕೇಳಿದ್ದಳು, ಇಂಥದ್ದನ್ನು ಕೇಳಿರಲಿಲ್ಲ. ಚಲುವಮ್ಮನ ಹಾಲಿನ ಮಾತು ನಾನು ಆ ಗಳಿಗೆಯಲ್ಲಿ ಕಟ್ಟಿದ ಸುಳ್ಳು ಎಂದ. ಹಾಲಿಗೆ ನೀರು ಬೆರೆಸಿದವನು ನಾನು, ನಾಲಿಗೆಯಿಂದ ಬೆರೆಸಿದೆ ಎಂದ. ಕರು ಹಾಕಿದ ಹಸುವಿಗೆ ಕೇರಿ ಯಾವುದೆಂದು ಗೊತ್ತಿದೆಯೇ ಎಂದು ಕೇಳಿದ. ದೊಡ್ಡತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಹೊನ್ನಪ್ಪ ಬಂದು ಅವನ ಕೈ ಹಿಡಿದುಕೊಂಡ. "ಏನ್ ಮಾತಾಡ್ದಲಾ ತಿಮ್ಮ! ಮೈ ಜುಮ್ಮಂತು ಕಣ್ಲಾ! ಮುಂದ್ಲ ಸರ್ತಿ ನೀನು ಎಮ್ಮೆಲ್ಲೆಗೇ ನಿಂತ್ಕೊಬೇಕು."

"ಅಂಗಾದ್ರೆ ನಾಳಿಂದ ಒಂದೇ ಕ್ಯಾನು ತಾನೇ, ಒನ್ನಪ್ಪಣ್ಣ?"

"ಅಯ್, ಅದು ಬ್ಯಾರೆ, ಇದು ಬ್ಯಾರೆ. ದೊಡ್ಡ ಮನುಸ್ರು ಅಂಗೇ ಮಾತಾಡ್ಬೇಕು. ನೀನು ಚೆಂದಾಗಿ ಆಡ್ದೆ, ನಾವು ಚೆಂದಾಗಿ ಕೇಳ್ದೊ."

ಮರುದಿನ ಬೆಳಿಗ್ಗೆಯೂ ಸಣ್ಣ ಕ್ಯಾನು ಮೂಲೆಯಲ್ಲೇ ಇತ್ತು. ಚಲುವಮ್ಮ ಮಾತ್ರ ಬಂದಿರಲಿಲ್ಲ.

ಗಂಡಹೆಂಡಿರಿಬ್ಬರೂ ಕೆಳಗಿನ ಕೇರಿಗೆ ಹೋದರು. ಗೂಟ ಬರಿದಾಗಿತ್ತು. ಚಲುವಮ್ಮ ಕೊಟ್ಟಿಗೆಯ ಸಗಣಿ ಬಳಿಯುತ್ತಿದ್ದಳು. ಇವರನ್ನು ಕಂಡವಳೇ ಕೈ ತೊಳೆದು ಚಾಪೆ ಹಾಸಿದಳು. ಪ್ರಮೀಳಾಳಿಗೆ ಬಿಸಿಲು ಬೀಳುತ್ತಿದೆಯೆಂದು ಅದನ್ನೇ ನೆರಳಿಗೆ ಎಳೆದಳು.

"ಅಸ ಮಾರ್ಬುಟ್ಟೆ ಬುದ್ಧಿ, ಸಂತೇಲಿ. ಪಾಪ, ಬೋ ಸಾದು ಅದು."

"ಚಲುವಮ್ಮ, ನಿನ್ನೆ ಎಲ್ಲಾರ ಮುಂದೂ ನಾನು..." ಎಂದು ತಿಮ್ಮರಾಜು ಶುರುಮಾಡಿದ.

"ಮಗಳು ಯಶೋಧರಾ ಅಂದ್ಲು. ಬೋ ಚೆಂದಾಗಿ ಮಾತಾಡುದ್ರಂತೆ. ನಾ ಬರ್ನಿಲ್ಲ. ಎಲ್ಲಾರೂ ಮತ್ತೆ ನನ್ ಕಡೀಕೆ ತಿರುಗಿ ನೋಡ್ತಾರಲ್ಲಾ ಅಂತ ನಾಚ್ಕೆ ಆಯ್ತು. ನಾನು ಬೆರುಸ್ತಿರ್ನಿಲ್ಲ ಬುದ್ಧಿ. ಅದೊಂದು ನಿಮ್ಗೆ ಗೊತ್ತಿದ್ರೆ ಸಾಕು."

ತಿಮ್ಮರಾಜು ಬರಿದಾದ ಗೂಟವನ್ನೇ ನೋಡುತ್ತಾ ಕೂತ. ಬೇರೊಂದು ಹಸು ಕೊಡಿಸುತ್ತೇವೆಂದು ಪ್ರಮೀಳಾ ಹೇಳಿದಳು. ಚಲುವಮ್ಮ ಮೆಲ್ಲಗೆ ತಲೆಯಾಡಿಸಿದಳು. "ಬ್ಯಾಡ ಕಣವ್ವ. ಕೊಂಡೋಗಿ ಯಾವುದ್ರಲ್ಲಿ ಉಯ್ಲಿ?"

ಮರುದಿನ ಬೆಳಿಗ್ಗೆ ಹಾಲು ಕರೆದ ಮೇಲೆ ತಿಮ್ಮರಾಜು ಕ್ಯಾನನ್ನು ತಾನೇ ಎತ್ತಿಕೊಂಡ. ಪ್ರಮೀಳಾ ಜೊತೆಗೆ ಹೊರಟಳು.

ಡೈರಿಯಲ್ಲಿ ಸಾಲು ನಿಂತಿತ್ತು. ಅಧ್ಯಕ್ಷರು ಬಂದರೆಂದು ಜನ ದಾರಿ ಬಿಟ್ಟರು. ಅವನು ಮುಂದೆ ಹೋಗಲಿಲ್ಲ. ಕೊನೆಗೆ ಹೋಗಿ ದೇವಯ್ಯನ ಹಿಂದೆ ನಿಂತ. ದೇವಯ್ಯ ಗಾಬರಿಯಿಂದ ಪಕ್ಕಕ್ಕೆ ಸರಿದಾಗ, ಅವನ ಭುಜ ಮುಟ್ಟಿ ಮತ್ತೆ ಮುಂದೆ ನಿಲ್ಲಿಸಿದ. ದೇವಯ್ಯನ ಹಾಲು ಸಣ್ಣ ಕ್ಯಾನಿಗೆ ಬಿದ್ದ ಮೇಲೆ ತಿಮ್ಮರಾಜು ತನ್ನ ಹಾಲನ್ನೂ ಅದರ ಬಾಯಿಯ ಹತ್ತಿರಕ್ಕೆ ತಂದ.

ಶಿವಲಿಂಗಯ್ಯ ತಬ್ಬಿಬ್ಬಾದ. "ಅಧ್ಯಕ್ಷರೇ, ಜನ ಏನಂದ್ಕತಾರೋ! ಯಾಕೇಂತ ಒಂದ್ ಮಾತು ಯೋಳ್ಬುಡಿ."

ಸಾಲು ಅವನತ್ತ ತಿರುಗಿತು. ಹೊನ್ನಪ್ಪ ಚೆನ್ನಾಗಿ ಕೇಳಿಸಲೆಂದು ಒಂದು ಹೆಜ್ಜೆ ಮುಂದೆ ಬಂದ. ಗಂಡನ ಗಂಟಲು ಒಮ್ಮೆ ಅಲುಗಿದ್ದನ್ನು ಪ್ರಮೀಳಾ ನೋಡಿದಳು. ಎಂಥೆಂಥ ಮಾತುಗಳು ಅಲ್ಲಿಗೆ ಬಂದು ನಿಂತಿವೆಯೋ ಅವಳಿಗೆ ಗೊತ್ತಿತ್ತು.

"ಏನೂ ಇಲ್ಲ," ಎಂದ ತಿಮ್ಮರಾಜು. ಹಾಲು ಸುರಿದ.

ಆ ದಿನ ಬೇರೆ ಯಾರೂ ಆ ಕ್ಯಾನಿನ ಹತ್ತಿರ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವನು ಮಾತ್ರ ದಿನಾ ದೇವಯ್ಯನ ಹಿಂದೆ ನಿಂತು, ಸುರಿದು, ಬರುತ್ತಿದ್ದ. ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಹೊನ್ನಪ್ಪನ ಅತ್ತಿಗೆ ಮಂಗಳಮ್ಮ, ಯಾರ ಮುಖವನ್ನೂ ನೋಡದೆ, ತನ್ನ ಚೊಂಬಿನ ಹಾಲನ್ನು ಅದೇ ಕ್ಯಾನಿಗೆ ಬಗ್ಗಿಸಿದಳು.

ಆಗ ಕಬ್ಬು ಕಡಿಯುವ ಕೂಲಿಯಾಳುಗಳ ಗುಂಪೊಂದು ರಸ್ತೆಯಲ್ಲಿ ಹೋಗುತ್ತಿತ್ತು. ಅದರಲ್ಲಿ ಚಲುವಮ್ಮನೂ ಇದ್ದಳು. ಅವಳು ಡೈರಿಯ ಕಡೆ ತಿರುಗಿ ನೋಡಲಿಲ್ಲ. ಗಂಡನ ಜೊತೆ ಬಂದಿದ್ದ ಪ್ರಮೀಳಾ ಇದನ್ನು ಹೇಳಲೆಂದು ಕೂಗಿ ಕರೆಯಬೇಕೆಂದುಕೊಂಡಳು. ಅಷ್ಟು ಜನರ ನಡುವೆ ಅವಳ ಹೆಸರು ಮತ್ತೊಮ್ಮೆ ಗಟ್ಟಿಯಾಗಿ ಕೇಳಿಸುವುದು ಬೇಡವೆನಿಸಿ, ಸುಮ್ಮನೆ ಅವಳ ಹಿಂದೆ ನಡೆದಳು.