ಟವರಿನ ಸೀಮೆಬದನೆ

ಚಟ್ಟದ ಅಡ್ಡಬಿದಿರಿಗೆ ಹುರಿ ಬಿಗಿಯುತ್ತಿದ್ದ ಅಶ್ವಥನ ಕಣ್ಣು ಮತ್ತೆ ಮತ್ತೆ ತೆರೆದ ಬಾಗಿಲೊಳಗಿನ ಗೋಡೆಗೇ ಹೋಗುತ್ತಿತ್ತು. ಅಲ್ಲಿ ಐದು ಗಡಿಯಾರಗಳು ಸಾಲಾಗಿ ತೂಗುತ್ತಿದ್ದವು. ಐದೂ ಕಂಪನಿ ಕೊಟ್ಟವು, ಐದೂ ನಾಗರಾಜನಿಗೆ ಸಿಕ್ಕವು. ಜಿಲ್ಲೆಯಲ್ಲಿ ಯಾರ ಮೊಬೈಲ್ ಟವರು ಎಲ್ಲಕ್ಕಿಂತ ಕಡಿಮೆ ಡೀಸೆಲ್ ಕುಡಿಯುತ್ತದೋ, ಅದನ್ನು ನೋಡಿಕೊಳ್ಳುವವನಿಗೆ ವರ್ಷಕ್ಕೊಂದು ಗಡಿಯಾರ. ಐದು ವರ್ಷವೂ ನಾಗರಾಜ ಮೊದಲು, ಅಶ್ವಥ ಎರಡನೆಯವನು. ಎರಡನೆಯವನಿಗೆ ಚಪ್ಪಾಳೆಯೂ ನೆಟ್ಟಗೆ ಬೀಳುವುದಿಲ್ಲ.

ನಾಗರಾಜ ಈಗ ಅಂಗಳದಲ್ಲಿ ಹಲಗೆಯ ಮೇಲೆ ಮಲಗಿದ್ದ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಸುಂಟಿಕೊಪ್ಪದಿಂದ, ಸುತ್ತಲ ಎಸ್ಟೇಟ್ ಕೂಲಿ ಲೈನುಗಳಿಂದ ಜನ ಬರುತ್ತಲೇ ಇದ್ದರು. ನಾನು ಸತ್ತರೆ ಇದರ ಅರ್ಧ ಜನವಾದರೂ ಬಂದಾರೆಯೇ ಎಂದು ಅಶ್ವಥ ಯೋಚಿಸಿದ, ಹುರಿಯನ್ನು ಇನ್ನೂ ಗಟ್ಟಿಯಾಗಿ ಎಳೆದ.

"ಮಳೆಗಾಲದಾಗೆ ಮೂರು ದಿನ ಕರೆಂಟಿಲ್ಲದಿದ್ರೂ ನಮ್ ಫೋನು ಸತ್ತಿಲ್ಲ ಕಣಪ್ಪ," ಎಂದಳು ಪಕ್ಕದ ಮನೆಯ ಮುದುಕಿ ಚಲುವಮ್ಮ. "ನಡುರಾತ್ರಿ ಮಗಳಿಗೆ ಹೆರಿಗೆನೋವು ಬಂದಾಗ್ಲೂ ಆಸ್ಪತ್ರೆಗೆ ಫೋನು ಸಿಕ್ತು. ಪುಣ್ಯಾತ್ಮ."

ಅಶ್ವಥನಿಗೆ ಮೆಣಸಿನಕಾಯಿ ಕಡಿದಂತಾಯಿತು. ನಾಗರಾಜ ರಾತ್ರಿ ಹೊತ್ತು ಟವರನ್ನೇ ಆರಿಸಿ ಡೀಸೆಲ್ ಉಳಿಸುತ್ತಾನೆ ಎಂದು ಅವನು ಐದು ವರ್ಷದಿಂದ ನಂಬಿದ್ದ. ಆ ನಂಬಿಕೆಯನ್ನೂ ಮುದುಕಿ ಒಂದೇ ಮಾತಿನಲ್ಲಿ ಕಿತ್ತುಕೊಂಡಳು.

ಸೂಪರ್‌ವೈಸರ್ ಜಯಪ್ರಕಾಶ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಅಶ್ವಥ್, ಕರೆಂಟ್ ಹೋಗಿ ಒಂದು ಗಂಟೆ ಆಯ್ತು. ನಾಗರಾಜನ ಟವರು ಬ್ಯಾಟರಿ ಮೇಲಿದೆ. ಅವನ ಮಗಳು ರಂಜಿತಾ ಮೈಸೂರಿಂದ ಬಸ್ಸಲ್ಲಿ ಬರ್ತಾ ಇದಾಳೆ, ಅಲ್ಲಿವರೆಗೂ ಫೋನು ನಿಲ್ಬಾರ್ದು. ಒಂದ್ಸಲ ನೋಡ್ಕೊಂಡು ಬನ್ನಿ. ಬೇಕಾದ್ರೆ ಜನರೇಟರ್ ಹಾಕಿ."

"ಆಯ್ತು ಸರ್."

"ಈ ವರ್ಷ ನಿಮ್ಮ ಕಡೆ ಹೊಸ ಕರೆಂಟ್ ಲೈನ್ ಬಂದು ಒಳ್ಳೇದಾಯ್ತು. ಅವನು ನಿಮಗಿಂತ ಬರೀ ಎರಡು ಲೀಟರ್ ಮುಂದಿದಾನೆ. ಇನ್ನು ಎರಡು ದಿನಕ್ಕೆ ಮಾರ್ಚ್ ಮುಗೀತು, ಈ ವರ್ಷದ ಲೆಕ್ಕಾನೂ." ಸಾವಿನ ಮನೆಯಲ್ಲಿ ಆಡುವ ಮಾತಲ್ಲ ಎಂದು ಅವರಿಗೇ ಅನ್ನಿಸಿ ಚಟ್ಟದ ಕಡೆ ತಿರುಗಿದರು.

ಎರಡು ಲೀಟರ್. ನಾಗರಾಜನ ಟವರಿನಲ್ಲಿ ಒಂದು ಗಂಟೆ ಜನರೇಟರ್ ಓಡಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಅಶ್ವಥ ಕೈ ಒರೆಸಿಕೊಂಡು ಮನೆಯ ಹಿಂದಿನ ಗುಡ್ಡ ಹತ್ತಿದ.

*

ಮೂರು ವರ್ಷದ ಹಿಂದೆ ಸುಂಟಿಕೊಪ್ಪದ ಚಹಾ ಅಂಗಡಿಯಲ್ಲಿ ನಾಗರಾಜ ತಾನಾಗಿಯೇ ಬಾಯಿ ಬಿಟ್ಟಿದ್ದ.

"ಎ.ಸಿ. ಆರಿಸ್ಬುಡು ಅಶ್ವಥ. ಮಿಷಿನ್ ರೂಮಿನ ಗೋಡೆ ಕೆಳಗೊಂದು ಕಿಂಡಿ, ಮೇಲೊಂದು ಸಣ್ಣ ಫ್ಯಾನು. ಅಷ್ಟೇ. ಮಂಜು ಜಾಸ್ತಿ ಆದಾಗ ಕಿಂಡಿ ಮುಚ್ಚು. ರೂಮು ಕಾಯೋದಿಲ್ಲ, ಕರೆಂಟ್ ಹೋದ್ರೂ ಎ.ಸಿ.ಗೋಸ್ಕರ ಜನರೇಟರ್ ಹಾಕೋದು ಬೇಡ. ನಮ್ಮೂರಲ್ಲಿ ಚಳಿ ಬಿಟ್ಟಿ ಸಿಗುತ್ತೆ. ಅದನ್ನ ಹೊರಗೆ ನಿಲ್ಸಿ, ಒಳಗೆ ಡೀಸೆಲ್ ಸುಟ್ಟು ಚಳಿ ಮಾಡ್ತೀವಲ್ಲ, ನಾವೆಂಥಾ ಜಾಣರು!"

ಗೆಲ್ಲುವ ಗುಟ್ಟನ್ನು ಯಾರಾದರೂ ಸೋಲುವವನಿಗೆ ಹೇಳುತ್ತಾರೆಯೇ? ಒಳಗೆ ತೇವ ಹೋಗಿ ನನ್ನ ಮಿಷಿನು ಕೆಡಲಿ ಎಂದೇ ಇವನ ಲೆಕ್ಕ ಎಂದುಕೊಂಡ ಅಶ್ವಥ. ಅಂದೇ ತನ್ನ ಟವರಿಗೆ ಹೋಗಿ ಎ.ಸಿ.ಯನ್ನು ಹದಿನೆಂಟಕ್ಕೆ ಇಳಿಸಿದ.

ಚಹಾ ಅಂಗಡಿಯಿಂದ ಹೊರಡುವಾಗ ನಾಗರಾಜ ತನ್ನ ಟವರಿನ ಬಳಿ ಬೆಳೆದ ಒಂದು ಚೀಲ ಸೀಮೆಬದನೆ ಕೊಟ್ಟಿದ್ದ. ಅಶ್ವಥನ ಹೆಂಡತಿ ಸೌಮ್ಯ ಪಲ್ಯ ಮಾಡಿದಳು. "ಎಷ್ಟು ಎಳೇದಿದೆ ನೋಡಿ! ಅವ್ರೂ ಟವರಿಗೆ ಹೋಗ್ತಾರೆ, ನೀವೂ ಹೋಗ್ತೀರಿ. ನೀವು ತರೋದು ಬರೀ ಧೂಳು." ಆ ಪಲ್ಯ ಅಶ್ವಥನಿಗೆ ಸೇರಲಿಲ್ಲ. ಆದರೂ ಎರಡು ಸಲ ಬಡಿಸಿಕೊಂಡ.

*

ಗುಡ್ಡದ ಮೇಲೆ ಮಿಷಿನ್ ರೂಮಿನ ಸೂರೇ ಕಾಣುತ್ತಿರಲಿಲ್ಲ. ಸೀಮೆಬದನೆ ಬಳ್ಳಿ ಅದನ್ನು ಪೂರ್ತಿ ಹೊದ್ದು, ಅಂಚಿನಿಂದ ಕಾಯಿಗಳು ಜೋಲುತ್ತಿದ್ದವು. ಅಶ್ವಥ ಬಾಗಿಲು ತೆಗೆದ. ಮಾರ್ಚಿನ ಬಿಸಿಲಲ್ಲೂ ಒಳಗೆ ಮಣ್ಣಿನ ಹೂಜಿಯ ಮಗ್ಗುಲಿನಂಥ ತಂಪು. ಗೋಡೆಯ ಕೆಳಗೆ ಬಲೆ ಹೊಡೆದ ಕಿಂಡಿ, ಮೇಲೊಂದು ಫ್ಯಾನು. ಬ್ಯಾಟರಿ ಇನ್ನೂ ಶೇಕಡಾ ಎಂಬತ್ತೆರಡು ತೋರಿಸುತ್ತಿತ್ತು. ಸಂಜೆಯವರೆಗೂ ಚಿಂತೆಯಿರಲಿಲ್ಲ.

ಹೊರಗೋಡೆಯ ಎ.ಸಿ. ಪೆಟ್ಟಿಗೆಯ ಸಂದಿನಿಂದ ಒಣಹುಲ್ಲು ಇಣುಕುತ್ತಿತ್ತು. ಬಗ್ಗಿ ನೋಡಿದ. ಗುಬ್ಬಚ್ಚಿ ಗೂಡು. ಹಳೆಯದರ ಮೇಲೆ ಹೊಸದು, ಎ.ಸಿ. ಫ್ಯಾನಿನ ರೆಕ್ಕೆಗಳನ್ನೆಲ್ಲ ಸುತ್ತಿಕೊಂಡು ಬೆಳೆದ ಗೂಡು. ಒಂದೇ ಒಂದು ದಿನ ಎ.ಸಿ. ತಿರುಗಿದ್ದರೂ ಅದು ಉಳಿಯುತ್ತಿರಲಿಲ್ಲ.

ಹಾಗಾದರೆ ನಾಗರಾಜ ಹೇಳಿದ್ದೆಲ್ಲ ನಿಜ. ಮೋಸಗಾರನಾಗಿದ್ದರೆ ಅಶ್ವಥ ಇವತ್ತು ಅವನನ್ನು ಕ್ಷಮಿಸಿಬಿಡಬಹುದಿತ್ತು. ಒಳ್ಳೆಯವನಾಗಿದ್ದುಕೊಂಡೇ ಗೆದ್ದವನನ್ನು ಏನು ಮಾಡುವುದು? ಹೊಟ್ಟೆಯೊಳಗಿನ ಕಿಚ್ಚು ಕಿವಿಗೇರಿತು. ಅಶ್ವಥ ಜನರೇಟರಿನ ಕೀ ತಿರುಗಿಸಿದ.

ಗುಡ್ಡ ಗಡಗಡ ನಡುಗಿತು. ಕರಿಹೊಗೆ ಬಳ್ಳಿಗೆ ಬಡಿಯಿತು. ಗುಬ್ಬಚ್ಚಿಗಳು ಪುರ್ರನೆ ಹಾರಿಹೋದವು.

ಇಳಿದು ಬಂದಾಗ ಅಂಗಳದ ಜನರೆಲ್ಲ ಗುಡ್ಡದ ಕಡೆ ಕತ್ತೆತ್ತಿದ್ದರು. "ಇದೇನಪ್ಪ ಸದ್ದು, ಮಿಲ್ಲು ಶುರುವಾದಂಗೆ?" ಎಂದು ಚಲುವಮ್ಮ ಕಿವಿ ಮುಚ್ಚಿಕೊಂಡಳು. ಬೆಳಗಿನಿಂದ ಗಂಡನ ತಲೆದೆಸೆಯಲ್ಲಿ ಕೂತಿದ್ದ ವನಜಮ್ಮ ಮುಖ ಎತ್ತಿದಳು.

"ಬ್ಯಾಟ್ರಿ ಮುಗ್ದೋಗಿತ್ತಾ ಅಶ್ವಥ್?"

"ಹೂಂ ಅಕ್ಕ."

"ಪಾಪ, ನಿಮಗೆ ಇವತ್ತೂ ಕೆಲಸ ತಪ್ಪಲಿಲ್ಲ. ಇವ್ರು ಮೊನ್ನೆನೂ ಅಂತಿದ್ರು, ಈ ಸಲ ಗಡಿಯಾರ ಅಶ್ವಥಂಗೆ ಹೋಗ್ಲಿ ಕಣೇ, ಅವ್ನೂ ಬಾಳ ಒದ್ದಾಡ್ತಾನೆ, ನಮ್ ಗೋಡೇಲಂತೂ ಜಾಗ ಇಲ್ಲ ಅಂತ."

ಅಶ್ವಥನ ಮೈಯೆಲ್ಲ ಉರಿದುಹೋಯಿತು. ಬಿಟ್ಟುಕೊಡಲು ಇವನು ಯಾರು? ಆದರೆ ಸಿಟ್ಟು ಮಾಡೋಣವೆಂದು ನೋಡಿದರೆ, ಮೂಗಿಗೆ ಹತ್ತಿಯಿಟ್ಟು ಮಲಗಿದ್ದವನ ಮುಖದಲ್ಲಿ ಜಗಳಕ್ಕೆ ಏನೂ ಇರಲಿಲ್ಲ.

ರಂಜಿತಾ ಬಂದಳು. ಅಪ್ಪನ ಎದೆಯ ಮೇಲೆ ಬಿದ್ದು ಏನೋ ಹೇಳಿದಳು. ಜನರೇಟರ್ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಬರೀ ಬಾಯಿ ಅಲುಗುವುದು ಕಂಡಿತು. "ಏನಂದ್ಯೇ ಮಗಾ?" ಎಂದು ವನಜಮ್ಮ ಕಿವಿ ಹತ್ತಿರ ತಂದಳು. ಅವಳಿಗೂ ಕೇಳಲಿಲ್ಲ.

ಚಟ್ಟ ಎತ್ತಿದರು. ಮುಂದಿನ ಎಡಗಡೆ ಅಶ್ವಥ ಹೆಗಲು ಕೊಟ್ಟಿದ್ದ. ಸ್ಮಶಾನದ ದಾರಿ ಗುಡ್ಡದ ಬುಡದಲ್ಲೇ ಹಾದುಹೋಗುತ್ತದೆ. ಹತ್ತು ಹೆಜ್ಜೆ ಹಾಕಿದ, ಇಪ್ಪತ್ತು ಹಾಕಿದ. ಸದ್ದು ಹೆಚ್ಚುತ್ತಾ ಹೋಯಿತು.

"ಸರ್, ಸ್ವಲ್ಪ ಹಿಡೀರಿ!"

ಹೆಗಲನ್ನು ಜಯಪ್ರಕಾಶರಿಗೆ ದಾಟಿಸಿ, ಪಂಚೆ ಎತ್ತಿ ಕಟ್ಟಿ, ಅಶ್ವಥ ಗುಡ್ಡ ಹತ್ತಿ ಓಡಿದ. ಎಡವಿ ಬಿದ್ದು ಮೊಣಕಾಲು ತರಚಿತು. ಎದ್ದು ಹೋಗಿ ಜನರೇಟರಿನ ಕೀ ಹಿಂದಕ್ಕೆ ತಿರುಗಿಸಿದ.

ಸದ್ದು ನಿಂತಿತು. ಕೆಳಗಿನಿಂದ ರಂಜಿತಾ "ಅಪ್ಪಾ" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಚಟ್ಟ ಕಾಫಿಗಿಡಗಳ ನಡುವೆ ಮೆಲ್ಲಗೆ ಸಾಗುತ್ತಿತ್ತು.

ಒಂದು ಗುಬ್ಬಚ್ಚಿ ಕೊಕ್ಕಿನಲ್ಲಿ ಹುಲ್ಲುಕಡ್ಡಿ ಹಿಡಿದು ಬಂದು ಬೇಲಿಯ ತಂತಿಯ ಮೇಲೆ ಕೂತಿತು. ಗೂಡನ್ನು ನೋಡಿತು, ಅಶ್ವಥನನ್ನು ನೋಡಿತು. ಅವನು ಅಲ್ಲಿ ನಿಂತಿರುವವರೆಗೂ ಅದು ಗೂಡಿಗೆ ಹೋಗಲಿಲ್ಲ.